ಕ್ಯಾಲ್ಸಿಯಂ ಏರಿದ್ದು ನಿಮಿಷಗಳಲ್ಲಿ, ಕೋಶ ಸತ್ತಿದ್ದು ಮರುದಿನ

ಪಿಎಚ್‌ಡಿಗೆ ಸೇರಿದಾಗ ನನಗೆ ಸಿಕ್ಕಿದ್ದು ನೋಡಲು ಸುಲಭವಾದ ಪ್ರಶ್ನೆ. ಜೀವಕೋಶದೊಳಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಕೋಶ ಸಾಯುತ್ತದೆ ಅಂತಾರಲ್ಲ, ಅದು ಹೇಗೆ?

ಕೋಶದ ದ್ರವದಲ್ಲಿ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್ ಇರುತ್ತದೆ. ಹೊರಗೆ ಅದರ 10,000 ಪಟ್ಟು. ಒಳಗೆ ನುಗ್ಗಿದ್ದನ್ನು ಕೋಶ ಹೊರಗೆ ದಬ್ಬುತ್ತಲೇ ಇರಬೇಕು, ಇಲ್ಲವೇ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಉಗ್ರಾಣಕ್ಕೆ ತುಂಬಬೇಕು. ಹಾಗೆ ತುಂಬುವ ಪಂಪಿನ ಹೆಸರು ಸರ್ಕಾ. ಥ್ಯಾಪ್ಸಿಗಾರ್ಗಿನ್ ಎಂಬ ಗಿಡಮೂಲದ ವಿಷ ಈ ಪಂಪನ್ನು ನಿಲ್ಲಿಸುತ್ತದೆ. ಉಗ್ರಾಣ ಸೋರುತ್ತಾ ಖಾಲಿಯಾಗುತ್ತದೆ.

ಲ್ಯಾಬಿನಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳಿಗೆ, ಕ್ಯಾಲ್ಸಿಯಂ ಎಷ್ಟಿದೆ ಅಂತ ಹೊಳೆದು ತೋರಿಸುವ ಫ್ಯೂರಾ-2 ಡೈ ಹಾಕಿ ಶುರು ಮಾಡಿದೆ. ಅದಕ್ಕೂ ಮೊದಲು ಫ್ಲೂವೋ-4 ಎಂಬ ಇನ್ನೊಂದು ಡೈ ಬಳಸಿ ಮೋಸ ಹೋಗಿದ್ದೆ. ಸಾಯುವ ಕೋಶ ಮುದುಡಿ ಗುಂಡಗಾಗುತ್ತದೆ, ದಪ್ಪಗಾದ ಕಡೆ ಡೈ ಸುಮ್ನೆ ಹೆಚ್ಚು ಹೊಳೆಯುತ್ತದೆ. ನಾನು ಅದನ್ನೇ ಕ್ಯಾಲ್ಸಿಯಂ ಅಂದುಕೊಂಡು ಎರಡು ವಾರ ಕುಣಿದೆ. ಫ್ಯೂರಾದಲ್ಲಿ 340 ಮತ್ತು 380 ನ್ಯಾನೋಮೀಟರ್ ಬೆಳಕು ಬಿಟ್ಟು ಎರಡರ ಅನುಪಾತ ತೆಗೆಯುತ್ತೇವೆ. ದಪ್ಪದ ಲೆಕ್ಕ ಅಲ್ಲೇ ಹೊಡೆದುಹೋಗುತ್ತದೆ. ಇನ್ನೊಂದು ಮಾತು: ಡೈಯನ್ನು 37 ಡಿಗ್ರಿಯಲ್ಲಿ ತುಂಬಿಸಬೇಡಿ. ಅದು ಉಗ್ರಾಣದೊಳಗೂ ಮೈಟೊಕಾಂಡ್ರಿಯದೊಳಗೂ ಹೋಗಿ ಕೂರುತ್ತದೆ. ಕೋಣೆಯ ಉಷ್ಣತೆಯಲ್ಲಿ ಅರ್ಧ ಗಂಟೆ ಸಾಕು.

ವಿಷ ಹಾಕಿದ ಕೆಲವೇ ನಿಮಿಷಗಳಲ್ಲಿ ಗ್ರಾಫ್ ಏರಿತು, ಆಮೇಲೆ ಇಳಿಯತೊಡಗಿತು. ಕೋಶಗಳು ಮಾತ್ರ ಏನೂ ಆಗದವರಂತೆ ತಟ್ಟೆಗೆ ಅಂಟಿಕೊಂಡಿದ್ದವು. ಮರುದಿನ ನೋಡಿದರೆ ಅರ್ಧಕ್ಕರ್ಧ ಉದುರಿ ತೇಲುತ್ತಿವೆ.

ಎಷ್ಟು ಸತ್ತಿವೆ ಅಂತ ಎಣಿಸಬೇಕಲ್ಲ? ಅನೆಕ್ಸಿನ್ ಪರೀಕ್ಷೆ ಮಾಡಿದೆ. ಸಾಯಲು ಹೊರಟ ಕೋಶ ಒಳಪದರದ ಫಾಸ್ಫಟೈಡೈಲ್‌ಸೆರೀನ್ ಅನ್ನು ಹೊರಮೈಗೆ ತರುತ್ತದೆ, ಅನೆಕ್ಸಿನ್ ಅದಕ್ಕೆ ಅಂಟಿ ಹಸಿರಾಗಿ ಕಾಣುತ್ತದೆ. ಪೊರೆ ಹರಿದಿದ್ದರೆ ಪ್ರೊಪಿಡಿಯಂ ಅಯೊಡೈಡ್ ಒಳಗೆ ಹೋಗಿ ಕೆಂಪು ಬಣ್ಣ ಬರುತ್ತದೆ. ಮೊದಲ ಸಲ ತೇಲುತ್ತಿದ್ದ ಕೋಶಗಳನ್ನು ಹಳೆ ಮೀಡಿಯಂ (ಕೋಶ ಬೆಳೆಸುವ ದ್ರವ) ಜೊತೆ ಸಿಂಕಿಗೆ ಚೆಲ್ಲಿದ್ದೆ. ಸತ್ತವರನ್ನೇ ಎಸೆದು ಸತ್ತವರನ್ನು ಹುಡುಕಿದ ಹಾಗೆ. ಎರಡನೇ ಸಲ ಎಲ್ಲವನ್ನೂ ಜೋಪಾನವಾಗಿ ಸೇರಿಸಿದೆ. ಆಗಲೂ ಹಸಿರು ಇಲ್ಲ! ಕೆಂಪು ಮಾತ್ರ ಅಲ್ಲಲ್ಲಿ ಇತ್ತು.

ಮೂರು ಬಾರಿ ಹೀಗೇ ಆಯಿತು. ಕಿಟ್ ಹಳತಾಗಿದೆ ಅಂದುಕೊಂಡು ಹೊಸದು ತರಿಸಲು ಹೊರಟೆ. ಪಕ್ಕದ ಬೆಂಚಿನ ಸೀನಿಯರ್ ಅಕ್ಕ ಪ್ಲಾಟ್ ನೋಡಿ, "ಪೊರೆ ಹರಿದ ಕೋಶ ಹಸಿರೂ ಇರಲೇಬೇಕು ಕಣೋ. ಬರೀ ಕೆಂಪು ಹೇಗೆ ಬರುತ್ತೆ? ಕೊನೇಲಿ ಯಾವುದ್ರಲ್ಲಿ ತೊಳೆದೆ?" ಅಂದರು. ಎಲ್ಲರೂ ಬಳಸುವ ಆ ಬಾಟಲಿಯ ದ್ರಾವಣದಲ್ಲಿ ಅಂದೆ. ಅದರಲ್ಲಿ ಕೋಶಗಳು ಗಂಟು ಕಟ್ಟದಿರಲಿ ಅಂತ ಇಡಿಟಿಎ ಹಾಕಿರುತ್ತಾರೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದೆ ಅನೆಕ್ಸಿನ್ ಅಂಟುವುದೇ ಇಲ್ಲ. ಕ್ಯಾಲ್ಸಿಯಂ ಬಗ್ಗೆ ಪಿಎಚ್‌ಡಿ ಮಾಡುವವನಿಗೆ ಇದು ಹೊಳೆಯಲಿಲ್ಲ ಅನ್ನುವುದು ಇವತ್ತಿಗೂ ನಾಚಿಕೆ.

ಸಮಾಧಾನಕ್ಕೆ ಸಿಡ್ನಿ ರಿಂಗರ್ ಇದ್ದಾನೆ. ಲಂಡನ್ನಿನ ಈ ವೈದ್ಯ ಕಪ್ಪೆಯ ಹೃದಯವನ್ನು ಬರೀ ಉಪ್ಪುನೀರಿನಲ್ಲಿ ಬಡಿಯುವಂತೆ ಮಾಡಿದ್ದ. ಆಮೇಲೆ ಗೊತ್ತಾಗಿದ್ದು, ಆ ದ್ರಾವಣ ನಲ್ಲಿ ನೀರಿನದು ಅಂತ. ಶುದ್ಧ ನೀರಿನಲ್ಲಿ ಮಾಡಿದರೆ ಹೃದಯ ನಿಂತಿತು. ನಲ್ಲಿ ನೀರಿನ ಕ್ಯಾಲ್ಸಿಯಂ ಅಷ್ಟೂ ಕೆಲಸ ಮಾಡಿತ್ತು. ಅದನ್ನು 1883ರಲ್ಲಿ ಒಪ್ಪಿಕೊಂಡು ಬರೆದ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪದರ ನೆನಪಾಗುತ್ತದೆ, ಅಲ್ವಾ? ಅಂದಹಾಗೆ ಕ್ಯಾಲ್ಸಿಯಂ ಹಾಕದೆ ತಯಾರಿಸಿದ ಬಫರ್ ಕೂಡ ಕ್ಯಾಲ್ಸಿಯಂ ಇಲ್ಲದ್ದಲ್ಲ. ನೀರಿನಿಂದ, ಗಾಜಿನಿಂದ ಅಷ್ಟಿಷ್ಟು ಬಂದೇ ಬರುತ್ತದೆ. ಇಡಿಟಿಎ ಥರವೇ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಜಿಟಿಎ ಹಾಕಿದರೇ ಸರಿ.

ತೊಳೆಯುವುದು ಸರಿಯಾದ ಮೇಲೆ ಹಸಿರು ಬಂತು. ಆದರೆ ನನ್ನ ಪ್ರಶ್ನೆ ಬದಲಾಗಿತ್ತು. ಕೊಂದಿದ್ದು ಮೊದಲ ಏರಿಕೆಯೋ, ಆಮೇಲೆ ಉಗ್ರಾಣ ಖಾಲಿ ಉಳಿದದ್ದೋ? ಆ ಉಗ್ರಾಣದಲ್ಲೇ ಪ್ರೋಟೀನುಗಳು ಮಡಚಿಕೊಳ್ಳುವುದು, ಅದಕ್ಕೆ ನೆರವಾಗುವ ಅಣುಗಳಿಗೆ ಕ್ಯಾಲ್ಸಿಯಂ ಬೇಕು. ಕೋಶದೊಳಗೆ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಬಾಪ್ಟಾ ಹಾಕಿ ಏರಿಕೆಯನ್ನು ತಡೆಯಲು ನೋಡಿದೆ. ಇಡೀ ದಿನ ಇಟ್ಟರೆ ಬಾಪ್ಟಾನೇ ಕೋಶಗಳನ್ನು ಹಾಳುಮಾಡಿತು. ಥ್ಯಾಪ್ಸಿಗಾರ್ಗಿನ್ ಅಂತೂ ಒಮ್ಮೆ ಹಿಡಿದರೆ ಬಿಡುವುದಿಲ್ಲ, ಎಷ್ಟು ತೊಳೆದರೂ ಪಂಪು ಮತ್ತೆ ಎದ್ದೇಳುವುದಿಲ್ಲ.

ಹಾಗಾಗಿ ಸೈಕ್ಲೋಪಯಜೋನಿಕ್ ಆಸಿಡ್ ಹಿಡಿದೆ. ಅದೂ ಅದೇ ಪಂಪನ್ನು ನಿಲ್ಲಿಸುತ್ತದೆ, ಆದರೆ ತೊಳೆದರೆ ಹೋಗುತ್ತದೆ. ಒಂದು ತಟ್ಟೆಯನ್ನು ಒಂದು ಗಂಟೆ ಕಳೆದ ಮೇಲೆ ತೊಳೆದೆ, ಇನ್ನೊಂದನ್ನು ರಾತ್ರಿಯಿಡೀ ಹಾಗೇ ಬಿಟ್ಟೆ. ಎರಡರಲ್ಲೂ ಮೊದಲ ಏರಿಕೆ ಒಂದೇ ಥರ ಇತ್ತು. ಬೆಳಿಗ್ಗೆ ಬಂದಾಗ ತೊಳೆದ ತಟ್ಟೆಯ ಕೋಶಗಳು ಕಾಲು ಚಾಚಿ ಅಂಟಿಕೊಂಡಿದ್ದವು. ಎರಡನೇ ತಟ್ಟೆಯ ಮೀಡಿಯಂ ಉದುರಿದ ಕೋಶಗಳಿಂದ ಮಬ್ಬಾಗಿತ್ತು. ಈ ಸಲ ಅದನ್ನು ಚೆಲ್ಲಲಿಲ್ಲ.