ಎಆರ್‌ಟಿ (ಎಚ್‌ಐವಿ ತಡೆಯುವ ಔಷಧ ಚಿಕಿತ್ಸೆ) ಶುರುವಾದ ಮೇಲೆ ಸಿಡಿ4 ಏರಲು ಏನು ಮಾಡಬೇಕು?

ಸಿಡಿ4 ಎಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಎಚ್‌ಐವಿ ತಿಂದುಹಾಕಿದ ಈ ಕಣಗಳನ್ನು ಮತ್ತೆ ತುಂಬಿಕೊಡುವುದು ನಮ್ಮದೇ ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳು, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕಣಗಳು. ಅಲ್ಲಿ ಹುಟ್ಟಿದ ಎಳೆಯ ಕಣಗಳು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಬಲಿತು ರಕ್ತಕ್ಕೆ ಬರುತ್ತವೆ. ವೈರಸ್ ಬೆಳೆಯುತ್ತಿದ್ದರೆ ಈ ಕೆಲಸ ಕುಂಟುತ್ತದೆ. ಹಾಗಾಗಿ ಮೊದಲು ವೈರಸ್ ಕಟ್ಟಿಹಾಕಬೇಕು.

ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇರುತ್ತವೆ. ದಿನಕ್ಕೆ ಒಂದು, ಒಂದೇ ಹೊತ್ತಿಗೆ. ಅನೇಕರು ಎಡವುವುದು ಕಬ್ಬಿಣದ ಮಾತ್ರೆ ಮತ್ತು ಎದೆಯುರಿಯ ಆಂಟಾಸಿಡ್ ವಿಷಯದಲ್ಲಿ. ಅವುಗಳಲ್ಲಿರುವ ಲೋಹ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು, ಅದು ಕರುಳಿನಿಂದ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಟಿಎಲ್‌ಡಿ ನುಂಗಿ 2 ಗಂಟೆ ಬಿಟ್ಟು ಅವನ್ನು ತೆಗೆದುಕೊಳ್ಳಿ. ಅವನ್ನೇ ಮೊದಲು ನುಂಗಿದ್ದರೆ ಟಿಎಲ್‌ಡಿಗೆ 6 ಗಂಟೆ ಕಾಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಊಟದ ಜೊತೆಗಾದರೆ ಟಿಎಲ್‌ಡಿಯೊಂದಿಗೇ ನುಂಗಬಹುದು, ಆಂಟಾಸಿಡ್ ಮಾತ್ರ ಕೂಡದು. ಟಿಬಿಗೆ ರಿಫಾಂಪಿಸಿನ್ ಕೊಟ್ಟರೆ ಎಆರ್‌ಟಿ ವೈದ್ಯರಿಗೆ ಅಂದೇ ತಿಳಿಸಿ: 12 ಗಂಟೆಯ ನಂತರ ಇನ್ನೊಂದು ಡೊಲುಟೆಗ್ರಾವಿರ್ 50 ಬೇಕಾಗುತ್ತದೆ.

ಮೊದಲ ಕೆಲವು ವಾರಗಳಲ್ಲಿ ಜ್ವರ ಬಂದು ಕುತ್ತಿಗೆಯ ಗಂಟು ಊದಿದರೆ ಮಾತ್ರೆ ನಿಲ್ಲಿಸದೆ ಕೇಂದ್ರಕ್ಕೆ ಹೋಗಿ. ಚೇತರಿಸುತ್ತಿರುವ ರೋಗನಿರೋಧಕ ವ್ಯವಸ್ಥೆ ಅಡಗಿದ್ದ ಟಿಬಿಯಂಥ ಸೋಂಕಿನ ಮೇಲೆ ಎರಗಿದಾಗ ಹೀಗಾಗುತ್ತದೆ.

6ನೇ ತಿಂಗಳಿಗೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ಪರೀಕ್ಷೆ ತಪ್ಪಿಸಬೇಡಿ. ರಕ್ತದ ಪ್ರತಿ ಘನ ಮಿಲಿಮೀಟರ್‌ಗೆ ಎಣಿಸುವ ಸಿಡಿ4 ಮೊದಲ ವರ್ಷ ಸಾಮಾನ್ಯವಾಗಿ 50ರಿಂದ 150ರಷ್ಟು ಏರುತ್ತದೆ. ಒಂದೇ ದಿನದಲ್ಲೂ ಅದು ಏರಿಳಿಯುವುದರಿಂದ ಪ್ರತಿ ಸಲ ಒಂದೇ ಹೊತ್ತಿಗೆ ರಕ್ತ ಕೊಡಿ. 200ಕ್ಕಿಂತ ಕೆಳಗಿಳಿದ ಮೇಲೆ ಚಿಕಿತ್ಸೆ ಶುರುಮಾಡಿದವರಿಗೂ, ಥೈಮಸ್ ಕುಗ್ಗಿರುವ ಹಿರಿಯರಿಗೂ ಏರಿಕೆ ನಿಧಾನ. ವೈರಲ್ ಲೋಡ್ ತಗ್ಗಿದ್ದರೂ ಸಿಡಿ4 ಅಲ್ಲೇ ನಿಂತಿದ್ದರೆ ಟಿಬಿ ಪರೀಕ್ಷೆ ಮಾಡಿಸಿ, ಜಿಡೊವುಡಿನ್‌ನಂಥ (ಇದೂ ಒಂದು ಎಚ್‌ಐವಿ ಔಷಧ) ಮಜ್ಜೆ ಕುಗ್ಗಿಸುವ ಔಷಧ ನಡೆಯುತ್ತಿದೆಯೇ ಎಂದು ಕೇಳಿ. ಇತರ ಸೋಂಕುಗಳನ್ನು ತಡೆಯಲು ಕೊಡುವ ಕೋಟ್ರಿಮೊಕ್ಸಜೋಲ್ ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ. ಸಿಡಿ4 350 ದಾಟಿ ಅಲ್ಲೇ ನೆಲೆಯಾದಾಗ ವೈದ್ಯರೇ ನಿಲ್ಲಿಸುತ್ತಾರೆ.

ಇನ್ನು ಹೊರಗಿನಿಂದ ಸ್ಟೆಮ್ ಸೆಲ್ ಹಾಕಿಸುವ ಮಾತು. ಎಚ್‌ಐವಿಯಿಂದ ಗುಣವಾದ ಮೊದಲ ವ್ಯಕ್ತಿ ತಿಮೋತಿ ರೇ ಬ್ರೌನ್ ಅವರಿಗೆ 2007ರಲ್ಲಿ ಬರ್ಲಿನ್‌ನಲ್ಲಿ ಮಜ್ಜೆ ಕಸಿಯಾದದ್ದು ರಕ್ತ ಕ್ಯಾನ್ಸರ್‌ಗೆ. ದಾನಿಯ ಕಣಗಳಲ್ಲಿ ವೈರಸ್ ಒಳಹೊಗಲು ಬಳಸುವ ಸಿಸಿಆರ್5 ಎಂಬ ಪ್ರೋಟೀನ್ ಇರಲಿಲ್ಲ. ಅಂಥ ದಾನಿಗಳು ಭಾರತದಲ್ಲಿ ತೀರ ವಿರಳ, ಕಸಿಯೇ ಪ್ರಾಣಕ್ಕೆ ಎರವಾಗಬಹುದು. ಸಿಡಿ4 ಏರಿಸುವ ಸ್ಟೆಮ್ ಸೆಲ್ ಇಂಜೆಕ್ಷನ್ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ: ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಎಚ್‌ಐವಿಗೆ ಇದನ್ನು ಅನುಮತಿ ಪಡೆದ ಪ್ರಯೋಗದಲ್ಲಲ್ಲದೆ ಕೊಡುವಂತಿಲ್ಲ. ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಿ.