ಸ್ನಾಯುವಿನ ಜೀನ್‌ಗಳೇ ಗಡ್ಡೆ ಬೆಳೆಸುವಾಗ: ಲ್ಯಾಬಿನಲ್ಲಿ ನನ್ನ ಅನುಭವ

ರ‍್ಯಾಬ್ಡೋಮಯೋಸಾರ್ಕೋಮಾ ಮಕ್ಕಳಿಗೆ ಬರುವ ಸ್ನಾಯು ಜಾತಿಯ ಕ್ಯಾನ್ಸರ್. ಬಯಾಪ್ಸಿ ಬಂದಾಗ ಪೆಥಾಲಜಿಸ್ಟ್ ಹುಡುಕುವುದು ಮಯೋಡಿ, ಮಯೋಜೆನಿನ್ ಎಂಬ ಎರಡು ಪ್ರೋಟೀನ್‌ಗಳನ್ನು. ಸ್ಟೇನ್ ಮಾಡಿದ ಸ್ಲೈಡಿನಲ್ಲಿ ಕೋಶಕೇಂದ್ರಗಳು ಕಂದು ಬಣ್ಣಕ್ಕೆ ತಿರುಗಿದರೆ ರೋಗ ಇದೇ ಅಂತ ಹೆಚ್ಚುಕಡಿಮೆ ಖಾತ್ರಿ. ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಅದೇ ಕಂದು ಬಣ್ಣ. ಯಾಕೆಂದರೆ ಈ ಎರಡು ಪ್ರೋಟೀನ್‌ಗಳ ಕೆಲಸ ಎಳೆಯ ಕೋಶವನ್ನು ಸ್ನಾಯುವಾಗಿ ಬಲಿಸುವುದು. ಬಲಿತ ಸ್ನಾಯುಕೋಶ ಮತ್ತೆ ಒಡೆದು ಎರಡಾಗುವುದಿಲ್ಲ. ಹಾಗಿದ್ದರೆ ಅವು ತುಂಬಿಕೊಂಡಿರುವ ಗಡ್ಡೆಯ ಕೋಶ ಯಾಕೆ ಒಡೆಯುತ್ತಲೇ ಇರುತ್ತದೆ?

ನಾನಿರುವುದು ಅಮೆರಿಕದ ಒಂದು ಲ್ಯಾಬಿನಲ್ಲಿ. ಮೈಸೂರಿನಿಂದ ಚಿಕ್ಕಮ್ಮ ಒಮ್ಮೆ ಫೋನಿನಲ್ಲಿ ಕೇಳಿದರು: "ಕೆಟ್ಟ ಜೀನ್ ಯಾವುದು ಅಂತ ಹುಡುಕಿ ಸರಿ ಮಾಡಿದ್ರೆ ಆಯ್ತಲ್ವೇನೋ?" ನ್ಯಾಯವಾದ ಪ್ರಶ್ನೆ. ಆದರೆ ಈ ರೋಗದ ಒಂದು ಬಗೆಯಲ್ಲಿ ಡಿಎನ್‌ಎ ಪೂರ್ತಿ ಓದಿದರೂ ಬೇರೆ ಕೆಟ್ಟ ಅಕ್ಷರಗಳು ತೀರಾ ಕಡಿಮೆ. ಇರುವುದು ಮುಖ್ಯವಾಗಿ ಒಂದು ಮುರಿತ. 2ನೇ ಕ್ರೋಮೋಸೋಮಿನ ಪ್ಯಾಕ್ಸ್3 ಜೀನಿನ ಮೊದಲ ಭಾಗ, 13ನೇ ಕ್ರೋಮೋಸೋಮಿನ ಫಾಕ್ಸೋ1 ಜೀನಿನ ಕೊನೆಯ ಭಾಗಕ್ಕೆ ಅಂಟಿಕೊಂಡಿರುತ್ತದೆ. 1993ರಲ್ಲೇ ಇದು ಗೊತ್ತಾಯಿತು. ಕೆಲವು ಮಕ್ಕಳಲ್ಲಿ ಪ್ಯಾಕ್ಸ್3 ಜಾಗದಲ್ಲಿ ಪ್ಯಾಕ್ಸ್7 ಇರುತ್ತದೆ.

ಪ್ಯಾಕ್ಸ್3 ಭ್ರೂಣದಲ್ಲಿ, ಮುಂದೆ ಸ್ನಾಯುವಾಗುವ ಕೋಶಗಳಲ್ಲಿ ಕೆಲಸ ಮಾಡುತ್ತದೆ. ಸ್ನಾಯು ಬಲಿಯುತ್ತಿದ್ದಂತೆ ಅದು ಆಫ್ ಆಗಬೇಕು. ಫಾಕ್ಸೋ1 ಹಾಗಲ್ಲ, ಆಮೇಲೂ ಆನ್ ಇರುತ್ತದೆ. ಮುರಿದು ಅಂಟಿದ ಮೇಲೆ ಪ್ಯಾಕ್ಸ್3ನ್ನು ನಡೆಸುವುದು ಫಾಕ್ಸೋ1 ಕಡೆಯ ಎನ್‌ಹ್ಯಾನ್ಸರ್‌ಗಳು, ಅಂದರೆ ದೂರದಿಂದಲೇ ಜೀನನ್ನು ಆನ್ ಮಾಡುವ ಡಿಎನ್‌ಎ ತುಣುಕುಗಳು. ಚಿಕ್ಕಮ್ಮನಿಗೆ ಹೀಗೆ ಹೇಳಿದೆ: ನಮ್ಮನೆ ಬಲ್ಬಿನ ವೈರು ಪಕ್ಕದ ಮನೆ ಲೈನಿಗೆ ಸೇರಿಕೊಂಡಿದೆ, ನಾವು ಸ್ವಿಚ್ ಆಫ್ ಮಾಡಿದರೂ ಉರಿಯುತ್ತಲೇ ಇರುತ್ತದೆ. ಇನ್ನೊಂದು ತೊಂದರೆಯೂ ಇದೆ. ಮಾಮೂಲಿ ಫಾಕ್ಸೋ1 ಬೇಡವಾದಾಗ ಕೋಶ ಅದನ್ನು ಕೋಶಕೇಂದ್ರದಿಂದ ಹೊರಗೆ ಕಳಿಸುತ್ತದೆ. ಅಂಟಿಕೊಂಡ ಎರಡು ಜೀನ್‌ಗಳಿಂದ ಬರುವ ಈ ಜೋಡಿ ಪ್ರೋಟೀನ್ ಆ ಮಾತು ಕೇಳುವುದಿಲ್ಲ, ಒಳಗೇ ಕೂರುತ್ತದೆ.

ಒಳಗೆ ಕೂತು ಡಿಎನ್‌ಎಯಲ್ಲಿ ಎಲ್ಲೆಲ್ಲಿ ಹಿಡಿದುಕೊಂಡಿದೆ ಅಂತ ನೋಡುವ ವಿಧಾನದ ಹೆಸರು ಚಿಪ್-ಸೀಕ್. ನಾನು ಬಳಸಿದ್ದು ಆರ್‌ಎಚ್30 ಎಂಬ ಕೋಶಗಳನ್ನು. 17 ವರ್ಷದ ಹುಡುಗನೊಬ್ಬನ ಅಸ್ಥಿಮಜ್ಜೆಗೆ ಹರಡಿದ್ದ ಗಡ್ಡೆಯಿಂದ ಬೆಳೆಸಿದವು ಅವು. ಆ ಡಬ್ಬಿಗಳನ್ನು ಇನ್‌ಕ್ಯುಬೇಟರಿನಿಂದ ತೆಗೆಯುವಾಗ ಆ ಹುಡುಗ ನೆನಪಾಗದ ದಿನವೇ ಇಲ್ಲ.

ಮೊದಲು ಶೇ. 1 ಫಾರ್ಮಾಲ್ಡಿಹೈಡ್‌ನಲ್ಲಿ 10 ನಿಮಿಷ. ಪ್ರೋಟೀನ್ ಎಲ್ಲಿದೆಯೋ ಅಲ್ಲೇ ಡಿಎನ್‌ಎಗೆ ಅಂಟಿ ನಿಲ್ಲುತ್ತದೆ. ಗ್ಲೈಸಿನ್ ಹಾಕಿ ಅದನ್ನು ನಿಲ್ಲಿಸಿ, ಕೋಶ ಒಡೆದು, ಶಬ್ದದ ಅಲೆಗಳಿಂದ ಅಲುಗಿಸುವ ಸೋನಿಕೇಟರಿನಲ್ಲಿ ಡಿಎನ್‌ಎ ಪುಡಿ ಮಾಡಬೇಕು. ನನ್ನ ಪ್ರಕಾರ ಇಡೀ ಪ್ರಯೋಗದ ಹಣೆಬರಹ ಇಲ್ಲೇ ನಿರ್ಧಾರವಾಗುತ್ತದೆ. ಟ್ಯೂಬು ಬಿಸಿಯಾಗಬಾರದು, ನೊರೆ ಏಳಬಾರದು. ಮಂಜುಮಂಜಾಗಿದ್ದ ದ್ರಾವಣ ತಿಳಿಯಾಗುತ್ತಾ ಬರುತ್ತದೆ. ಆದರೂ ಕಣ್ಣಿನಲ್ಲಿ ಕಂಡದ್ದನ್ನು ನಂಬದೆ ಸ್ವಲ್ಪ ತೆಗೆದು ಜೆಲ್ ಓಡಿಸಿ ನೋಡುತ್ತೇನೆ. ತುಣುಕುಗಳು 200ರಿಂದ 500 ಅಕ್ಷರದಷ್ಟು ಉದ್ದ ಇದ್ದರೆ ಮುಂದಕ್ಕೆ, ಇಲ್ಲದಿದ್ದರೆ ಇಲ್ಲ.

ಆಮೇಲೆ ಆಂಟಿಬಾಡಿ, ಅಂದರೆ ಬೇಕಾದ ಪ್ರೋಟೀನನ್ನು ಅದಕ್ಕಂಟಿದ ಡಿಎನ್‌ಎ ತುಣುಕಿನ ಸಮೇತ ಹಿಡಿದು ತೆಗೆಯುವ ಪ್ರೋಟೀನ್. ಪ್ಯಾಕ್ಸ್3 ಆಂಟಿಬಾಡಿ ಹಾಕಿದರೆ ಮಾಮೂಲಿ ಪ್ಯಾಕ್ಸ್3 ಕೂಡ ಬಂದುಬಿಡಬಹುದು. ಫಾಕ್ಸೋ1ಗೂ ಇದೇ ಕಷ್ಟ. ಹಾಗಾಗಿ ಎರಡೂ ಸೇರುವ ಬೆಸುಗೆಯ ಜಾಗವನ್ನೇ ಗುರುತಿಸುವ ಆಂಟಿಬಾಡಿ ಬೇಕು. ಅದು ನಿಜಕ್ಕೂ ಬೆಸುಗೆಯನ್ನೇ ಹಿಡಿಯುತ್ತಿದೆಯಾ ಅಂತ ತಿಳಿಯಲು ಆರ್‌ಡಿ ಕೋಶಗಳ ಮೇಲೆ ಹಾಕಿ ನೋಡಿದೆ. ಆರ್‌ಡಿಯೂ ಇದೇ ಕ್ಯಾನ್ಸರ್, ಆದರೆ ಅದರಲ್ಲಿ ಈ ಜೋಡಿ ಜೀನ್ ಇಲ್ಲ. ಅಲ್ಲಿ ಏನೂ ಸಿಗಬಾರದು, ಸಿಗಲಿಲ್ಲ.

ಹಿಡಿದ ತುಣುಕುಗಳ ಸೀಕ್ವೆನ್ಸಿಂಗ್, ಅಂದರೆ ಅಕ್ಷರ ಓದುವ ಕೆಲಸ, ಮುಗಿದು ಸ್ಕ್ರೀನ್ ಮೇಲೆ ಡೇಟಾ ತೆರೆದಾಗ ಉತ್ತರ ಎದುರಿಗಿತ್ತು. ಜೋಡಿ ಪ್ರೋಟೀನ್ ಕೂತಿದ್ದು ಜೀನ್‌ಗಳ ಬುಡದಲ್ಲಿ ಅಲ್ಲ, ಬಹುಪಾಲು ದೂರದ ಎನ್‌ಹ್ಯಾನ್ಸರ್‌ಗಳ ಮೇಲೆ. ಮಯೋಡಿ, ಮಯೋಜೆನಿನ್, ಮಿಕ್‌-ಎನ್, ಎಫ್‌ಜಿಎಫ್‌ಆರ್4, ಎಲ್ಲದರ ಹತ್ತಿರವೂ ಗ್ರಾಫಿನಲ್ಲಿ ಅಗಲವಾದ ದಿಬ್ಬಗಳು. ಕೊನೆಯ ಎರಡು ಕೋಶದ ಬೆಳವಣಿಗೆಗೆ ತಳ್ಳುವ ಜೀನ್‌ಗಳು. ಇಂಥ ಎನ್‌ಹ್ಯಾನ್ಸರ್‌ಗಳ ದಟ್ಟ ಗುಂಪಿಗೆ ಸೂಪರ್ ಎನ್‌ಹ್ಯಾನ್ಸರ್ ಅನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬರ್ಕ್ಲಿ ಗ್ರೈಡರ್, ಜಾವೇದ್ ಖಾನ್ ಮತ್ತು ಜೊತೆಗಾರರು 2017ರಲ್ಲಿ ಹೇಳಿದ್ದು ಇದನ್ನೇ. ಜೋಡಿ ಪ್ರೋಟೀನ್ ಮಯೋಡಿಯನ್ನು ಆನ್ ಮಾಡುತ್ತದೆ. ಮಯೋಡಿ, ಮಯೋಜೆನಿನ್, ಮಿಕ್-ಎನ್ ಮೂರೂ ಅದರ ಜೊತೆ ಸೇರಿ ಪರಸ್ಪರ ಆನ್ ಇಡುತ್ತವೆ. ಕೋಶ ಸ್ನಾಯುವಿನ ದಾರಿಯಲ್ಲೇ ಇದೆ, ಆದರೆ ಒಂದೇ ಮೆಟ್ಟಿಲಲ್ಲಿ ಸಿಕ್ಕಿಕೊಂಡಿದೆ. ಮಯೋಡಿಯಲ್ಲಿ ದೋಷವಿಲ್ಲ. ಅದನ್ನು ಆನ್ ಇಟ್ಟವರು ಬೇರೆ.

ಎನ್‌ಹ್ಯಾನ್ಸರ್ ಮೇಲೆ ಕೂರುವ ಬಿಆರ್‌ಡಿ4 ಎಂಬ ಪ್ರೋಟೀನನ್ನು ಕಿತ್ತುಹಾಕುವ ಜೆಕ್ಯೂ1 ಎಂಬ ರಾಸಾಯನಿಕ ಹಾಕಿದರೆ ಈ ಕೂಟ ಒಡೆಯುತ್ತದೆ. ಇದನ್ನು ಅಳೆಯುವಾಗ ಒಂದು ಎಚ್ಚರ ಬೇಕು. ಎಲ್ಲ ಸ್ಯಾಂಪಲ್‌ಗಳನ್ನೂ ಸಮಾನ ಸಂಖ್ಯೆಯ ತುಣುಕುಗಳಿಗೆ ಓದಿಸಿದರೆ, ಎಲ್ಲ ಕಡೆ ಒಟ್ಟಿಗೆ ಇಳಿದದ್ದು ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಪ್ರತಿ ಟ್ಯೂಬಿಗೂ ಹಣ್ಣುನೊಣದ ಕ್ರೊಮ್ಯಾಟಿನ್ (ಪ್ರೋಟೀನ್ ಸಮೇತ ಇರುವ ಡಿಎನ್‌ಎ) ಒಂದೇ ಅಳತೆಯಲ್ಲಿ ಸೇರಿಸಿ, ಅದನ್ನು ತೂಕದ ಬಟ್ಟಾಗಿ ಇಟ್ಟುಕೊಂಡೆ. ಆಗಲೇ ದಿಬ್ಬಗಳು ನಿಜವಾಗಿ ಎಷ್ಟು ಕುಸಿದವು ಅಂತ ಕಂಡಿತು. ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಖರ್ಚು ಜಾಸ್ತಿ ಅಂತ ಇದನ್ನು ಬಿಡಬೇಡಿ.

ಆರ್‌ಡಿಯ ಕಥೆ ಬೇರೆ. ಅಲ್ಲಿ ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ರಾಸ್ ಜೀನ್ ಕೆಟ್ಟು, ಇಆರ್‌ಕೆ ಎಂಬ ಪ್ರೋಟೀನ್ ಮಯೋಜೆನಿನ್ನನ್ನೇ ತಡೆದಿರುತ್ತದೆ. ಇಆರ್‌ಕೆಗೆ ಹೋಗುವ ಸೂಚನೆಯನ್ನು ನಿಲ್ಲಿಸುವ ಟ್ರಾಮೆಟಿನಿಬ್ ಎಂಬ ಔಷಧಿ ಹಾಕಿದರೆ ತಡೆ ಹೋಗಿ ಕೋಶಗಳು ಉದ್ದವಾಗುತ್ತವೆ, ಸ್ನಾಯು ಸಂಕುಚಿಸಲು ಬೇಕಾದ ಮಯೋಸಿನ್ ಪ್ರೋಟೀನ್ ಮಾಡತೊಡಗುತ್ತವೆ. ರೋಗದ ಹೆಸರು ಒಂದೇ, ಸಿಕ್ಕಿಕೊಂಡ ಜಾಗ ಬೇರೆ. ಹಾಗಾಗಿ ಮಗುವಿನ ಗಡ್ಡೆಯಲ್ಲಿ ಈ ಜೋಡಿ ಜೀನ್ ಇದೆಯಾ ಇಲ್ಲವಾ ಅಂತ ಪರೀಕ್ಷಿಸುವುದನ್ನು ಯಾರೂ ಸುಮ್ನೆ ಬಿಡಬಾರದು.

ಜೆಕ್ಯೂ1 ಲ್ಯಾಬಿನ ಸಾಧನ ಅಷ್ಟೇ, ಔಷಧಿಯಲ್ಲ, ಮೈಯಲ್ಲಿ ಬೇಗ ಕರಗಿಹೋಗುತ್ತದೆ. ಅದೇ ಜಾತಿಯ ಔಷಧಿಗಳನ್ನು ರೋಗಿಗಳಿಗೆ ಕೊಟ್ಟಾಗ ಪ್ಲೇಟ್‌ಲೆಟ್ ಇಳಿಯುವುದು ಕಂಡಿದೆ, ಏಕೆಂದರೆ ಬಿಆರ್‌ಡಿ4 ಆರೋಗ್ಯವಾಗಿರುವ ಕೋಶಗಳಿಗೂ ಬೇಕು. ಇವತ್ತಿಗೂ ಮಕ್ಕಳಿಗೆ ಕೊಡುವುದು ವಿನ್‌ಕ್ರಿಸ್ಟಿನ್, ಡ್ಯಾಕ್ಟಿನೋಮೈಸಿನ್, ಸೈಕ್ಲೋಫಾಸ್ಫಮೈಡ್‌ಗಳ ಕೀಮೋ, ಜೊತೆಗೆ ಸರ್ಜರಿ, ರೇಡಿಯೇಷನ್. ನಾನೀಗ ಫಾಕ್ಸೋ1 ಕಡೆಯ ಎನ್‌ಹ್ಯಾನ್ಸರ್‌ಗಳನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಒಂದೊಂದಾಗಿ ತೆಗೆದು, ಜೋಡಿ ಜೀನ್ ಯಾವುದರ ಬಲದ ಮೇಲೆ ನಿಂತಿದೆ ಅಂತ ನೋಡುತ್ತಿದ್ದೇನೆ.