ಬೊಂಬೆ ಬರ್ತದೆ, ಮಾತು ಬರಲ್ಲ

2009ರಲ್ಲಿ ಯಶವಂತಪುರದ ಎಪಿಎಂಸಿ ಯಾರ್ಡ್ ಹತ್ತಿರ ನನ್ನದೊಂದು ಚಿಕ್ಕ ಮೊಬೈಲ್ ರಿಪೇರಿ ಅಂಗಡಿ ಇತ್ತು. ಅದಕ್ಕೂ ಮುಂಚೆ ಹನ್ನೆರಡು ವರ್ಷ ಟಿವಿ ರಿಪೇರಿ ಮಾಡಿದ್ದೆ. ಆ ಹಳೇ ಕೆಲಸ ಫೋನಿನಲ್ಲೂ ಕೈಹಿಡಿಯುತ್ತದೆ ಅಂತ ಅಂದುಕೊಂಡಿರಲಿಲ್ಲ.

ಒಂದು ಸಂಜೆ ಈರುಳ್ಳಿ ಗೋದಾಮಿನ ವಾಚ್‌ಮನ್ ಒಬ್ಬರು ಚೈನಾ ಸೆಟ್ ತಂದರು. ನ್ಯಾಷನಲ್ ಮಾರ್ಕೆಟ್‌ನಲ್ಲಿ ಕೊಂಡಿದ್ದು. ಎರಡು ಸಿಮ್, ಎರಡು ಬ್ಯಾಟರಿ, ಮೂಲೆಯಲ್ಲಿ ಎಳೆದರೆ ಉದ್ದ ಆಗುವ ಆಂಟೆನಾ. ಅದರಲ್ಲಿ ಟಿವಿ ಬರುತ್ತಿತ್ತು. ನೆಟ್ ಬೇಡ, ಕರೆನ್ಸಿ ಬೇಡ, ಸಿಮ್ ಕೂಡ ಬೇಡ. ಮನೆ ಮೇಲಿನ ಆಂಟೆನಾಗೆ ಸಿಗುತ್ತಿದ್ದ ದೂರದರ್ಶನದ ಸಿಗ್ನಲ್ಲೇ ಅದಕ್ಕೂ ಸಿಗುತ್ತಿತ್ತು.

"ಬೊಂಬೆ ಬರ್ತದೆ, ಮಾತು ಬರಲ್ಲ" ಅಂದರು. ಹಾಕಿ ನೋಡಿದೆ. ವಾರ್ತೆ ಓದುವವರ ತುಟಿ ಅಲ್ಲಾಡುತ್ತಿತ್ತು, ಸ್ಪೀಕರ್‌ನಲ್ಲಿ ಬರೀ ಸುಯ್ ಅನ್ನುವ ಸದ್ದು. ಬೇರೆ ಕಡೆ 150 ರೂಪಾಯಿ ಕೊಟ್ಟು ಸ್ಪೀಕರ್ ಬದಲಾಯಿಸಿಕೊಂಡೂ ಬಂದಿದ್ದರು ಪಾಪ. ಆದರೆ ರಿಂಗ್‌ಟೋನ್ ಬೀದಿಗೆಲ್ಲ ಕೇಳುತ್ತಿತ್ತು. ಅಂದಮೇಲೆ ತಪ್ಪು ಸ್ಪೀಕರ್‌ದಲ್ಲ.

ಆಗ ನಮ್ಮಲ್ಲೂ ಚೀನಾದಲ್ಲೂ ಟಿವಿಯ ಬಣ್ಣದ ಪದ್ಧತಿ ಒಂದೇ, ಪಾಲ್ ಅಂತ. ಆದರೆ ಚಿತ್ರ ಹೊತ್ತು ತರುವ ಅಲೆಯಿಂದ (ಕ್ಯಾರಿಯರ್) ಧ್ವನಿ ಹೊತ್ತು ತರುವ ಅಲೆ ನಮ್ಮಲ್ಲಿ 5.5 ಮೆಗಾಹರ್ಟ್ಸ್ ದೂರ, ಅಲ್ಲಿ 6.5. ಧ್ವನಿ ಇಲ್ಲದ ಜಾಗದಲ್ಲಿ ಫೋನು ಧ್ವನಿ ಹುಡುಕುತ್ತಾ ಕೂತಿತ್ತು. ಹೊರದೇಶದಿಂದ ತಂದ ಟಿವಿಗಳಲ್ಲಿ ಕಾಯಿಲ್ ತಿರುಗಿಸಿ ಇದನ್ನೇ ಸರಿ ಮಾಡಿದ್ದೆ. ಫೋನಿನಲ್ಲಿ ತಿರುಗಿಸಲು ಕಾಯಿಲ್ ಎಲ್ಲಿದೆ? ಟಿವಿ ಮೆನುವನ್ನು ಒಂದೊಂದಾಗಿ ಜಾಲಾಡಿದೆ. ಏರಿಯಾ ಅಂತ ಒಂದು ಪಟ್ಟಿ ಸಿಕ್ಕಿತು. ಇಂಡಿಯಾ ಒತ್ತಿ, ಮತ್ತೆ ಚಾನೆಲ್ ಸರ್ಚ್ ಕೊಟ್ಟೆ. ಮಾತು ಬಂತು. ವಾಚ್‌ಮನ್ ಫೋನನ್ನು ಕಿವಿಗೇ ಇಟ್ಟುಕೊಂಡುಬಿಟ್ಟರು.

ಆಮೇಲೆ ದಿನಕ್ಕೆ ಒಬ್ಬರಿಬ್ಬರು ಅದೇ ದೂರು ಹಿಡಿದು ಬರೋಕೆ ಶುರು ಮಾಡಿದರು. ಎಲ್ಲರಿಗೂ ಇನ್ನೊಂದು ವಿಷಯ ಹೇಳಿಕೊಡುತ್ತಿದ್ದೆ. ಜನ ಆಂಟೆನಾವನ್ನು ಊದುಬತ್ತಿ ಥರ ನೆಟ್ಟಗೆ ನಿಲ್ಲಿಸುತ್ತಿದ್ದರು. ದೂರದರ್ಶನದ ಅಲೆ ಬರುತ್ತಿದ್ದುದು ಅಡ್ಡಡ್ಡ. ಅದಕ್ಕೇ ಅಲ್ವಾ ಮನೆ ಮೇಲಿನ ಆಂಟೆನಾದ ಕಡ್ಡಿಗಳೆಲ್ಲ ಮಲಗಿರುತ್ತಿದ್ದುದು? ಹಾಗಾಗಿ ಕಡ್ಡಿಯನ್ನು ಪೂರ್ತಿ ಎಳೆದು ಮಲಗಿಸಬೇಕು. ಅದರ ತುದಿ ಜೆ.ಸಿ. ನಗರದ ದೂರದರ್ಶನ ಟವರ್ ಕಡೆ ಇರಬಾರದು, ಉದ್ದದ ಪಕ್ಕ ಆ ಕಡೆ ಇರಬೇಕು. ಶೀಟಿನ ಸೂರಿನ ಕೆಳಗೆ ಸುಮ್ನೆ ಒದ್ದಾಡಬಾರದು, ಹೊರಗೆ ಬರಬೇಕು. ಇಷ್ಟು ಮಾಡಿದರೆ ಪರದೆ ಮೇಲೆ ಇರುವೆ ಹರಿದಂಗೆ ಕಾಣುತ್ತಿದ್ದುದು ಮುಕ್ಕಾಲು ಪಾಲು ನಿಲ್ಲುತ್ತಿತ್ತು.

ಆ ವರ್ಷದ ನವೆಂಬರ್ 30ರ ರಾತ್ರಿಯಿಂದ ಐಎಂಇಐ, ಅಂದರೆ ಒಂದೊಂದು ಫೋನಿಗೂ ಇರುವ ಗುರುತಿನ ನಂಬರ್, ಇಲ್ಲದ ಸೆಟ್‌ಗಳಿಗೆ ನೆಟ್‌ವರ್ಕ್ ಬಂದ್ ಆಯಿತು. 199 ರೂಪಾಯಿ ಕಟ್ಟಿ ಅಸಲಿ ನಂಬರ್ ಹಾಕಿಸಿಕೊಳ್ಳುವ ಕೇಂದ್ರಗಳಿದ್ದವು. ನನ್ನ ಹತ್ತಿರ ಬಂದವರನ್ನು ಅಲ್ಲಿಗೇ ಕಳಿಸಿದೆ. ಕೆಲವರು ಹಾಕಿಸಲಿಲ್ಲ. ಫೋನು ಫೋನಾಗಿ ಸತ್ತರೂ ಟಿವಿಯಾಗಿ ಬದುಕಿತ್ತು.

2011ರ ಫೆಬ್ರವರಿ 27. ಚಿನ್ನಸ್ವಾಮಿಯಲ್ಲಿ ವಿಶ್ವಕಪ್‌ನ ಭಾರತ, ಇಂಗ್ಲೆಂಡ್ ಪಂದ್ಯ. ನಮ್ಮವರು 338. ಅಂಗಡಿ ಮುಂದಿನ ಆಲೂಗಡ್ಡೆ ಮೂಟೆಗಳ ಮೇಲೆ ಅದೇ ವಾಚ್‌ಮನ್‌ರ ಫೋನು, ಸುತ್ತ ಹತ್ತು ಹದಿನೈದು ಹಮಾಲರು. ಅಂಗೈಯಷ್ಟು ಪರದೆಯಲ್ಲಿ ಚೆಂಡು ಎಲ್ಲಿ ಕಾಣಬೇಕು? ಕಾಣುತ್ತಿರಲಿಲ್ಲ. ಹಿಂದೆ ನಿಂತವರಿಗೆ ಚಿತ್ರವೇ ಇಲ್ಲ, ಕಾಮೆಂಟರಿ ಮಾತ್ರ. ಜಹೀರ್ ಸ್ಟ್ರಾಸ್‌ರನ್ನು 158ಕ್ಕೆ ಔಟ್ ಮಾಡಿದಾಗ ಮೂಟೆ ಅಲ್ಲಾಡಿ ಫೋನು ಬಿತ್ತು, ಚಿತ್ರ ಹೋಯಿತು. ಯಾರೂ ಬೈಯಲಿಲ್ಲ, ಮಾತು ಇತ್ತಲ್ಲ. ಕೊನೇ ಚೆಂಡಿಗೆ 2 ಬೇಕಿತ್ತು, 1 ಬಂತು. ಟೈ.

ಇಂಟರ್ನೆಟ್ಟಿನ ಕಥೆ ಬೇರೆ. ಅದಕ್ಕೆ ದುಡ್ಡು ಬೇಕಿತ್ತು. ಪ್ಯಾಕ್ ಹಾಕಿಸದವರಿಗೆ ಆಗ 10 ಕೆಬಿಗೆ 10 ಪೈಸೆ, ಅಂದರೆ ಒಂದು ಎಂಬಿಗೆ ಹತ್ತಿರ ಹತ್ತಿರ 10 ರೂಪಾಯಿ. ಜಿಪಿಆರ್‌ಎಸ್ ಅನ್ನುವ ಆಗಿನ ನಿಧಾನದ ಮೊಬೈಲ್ ನೆಟ್‌ನಲ್ಲಿ ಸೆಕೆಂಡಿಗೆ 40 ಕಿಲೋಬಿಟ್ ಸಿಕ್ಕರೆ ಅದೇ ಜಾಸ್ತಿ. 3 ಎಂಬಿಯ ವಿಡಿಯೋ ಇಳಿಸೋಕೆ ಹತ್ತು ನಿಮಿಷ, 30 ರೂಪಾಯಿ. ಮೂಟೆ ಹೊತ್ತು ದುಡಿಯುವವರಿಗೆ ಅದು ಒಂದು ಊಟ. ಅದಕ್ಕೇ ಯಾರು ಬಂದರೂ ಮೊದಲು ಒಪೆರಾ ಮಿನಿ ಅನ್ನುವ ಬ್ರೌಸರ್ ಹಾಕಿಕೊಡುತ್ತಿದ್ದೆ. ಅದು ಪುಟವನ್ನು ತನ್ನ ಸರ್ವರ್‌ನಲ್ಲೇ ಹಿಂಡಿ, ಸಣ್ಣದು ಮಾಡಿ ಕಳಿಸುತ್ತಿತ್ತು.

ಬಿಜಾಪುರದ ಕಡೆಯ ಹುಡುಗನೊಬ್ಬ ಇದ್ದ, ಯಾರ್ಡ್‌ನಲ್ಲಿ ಹಮಾಲಿ. ಏಳನೇ ಕ್ಲಾಸ್ ಓದಿದ್ದ, ಕನ್ನಡ ಬಿಟ್ಟು ಬೇರೆ ಬಾರದು. ಅವನ ನೋಕಿಯಾ ಸೆಟ್ಟಿಗೆ ನೆಟ್ ಹಾಕಿ ಕನ್ನಡ ವಿಕಿಪೀಡಿಯದಲ್ಲಿ ಗೋಲ ಗುಮ್ಮಟದ ಪುಟ ತೆಗೆದೆ. ಗುಮ್ಮಟದ ಚಿತ್ರ ಬಂತು. ಅದರ ಕೆಳಗೆ ಸಾಲು ಸಾಲು ಚೌಕದ ಡಬ್ಬಿ. ಆ ಫೋನಿನಲ್ಲಿ ಕನ್ನಡದ ಅಕ್ಷರವೇ ಇರಲಿಲ್ಲ. ಅವನು ಏನೂ ಅನ್ನಲಿಲ್ಲ, ನನಗೇ ಹೊಟ್ಟೆ ಉರಿಯಿತು. ಇಲ್ಲೂ ಬೊಂಬೆ ಬಂತು, ಮಾತು ಬರಲಿಲ್ಲ.

ಬಿಡಲಿಲ್ಲ, ಹುಡುಕಿದೆ, ಕೇಳಿದೆ. ವಿಳಾಸದ ಜಾಗದಲ್ಲಿ ಒಪೆರಾ, ಕೋಲನ್, ಕಾನ್ಫಿಗ್ ಅಂತ ಟೈಪ್ ಮಾಡಬೇಕಿತ್ತು. ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇರಬಾರದು, ಮಧ್ಯೆ ಜಾಗ ಬಿಡಬಾರದು. ಹೊಸ ಪುಟ ತೆರೆಯುತ್ತಿತ್ತು. ಅದರ ತಳದಲ್ಲಿ 'ಯೂಸ್ ಬಿಟ್‌ಮ್ಯಾಪ್ ಫಾಂಟ್ಸ್ ಫಾರ್ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಇರುತ್ತಿತ್ತು. ಅದನ್ನು ಯೆಸ್ ಮಾಡಿ ಸೇವ್ ಒತ್ತಬೇಕಿತ್ತು, ಅಷ್ಟೇ. ಆಮೇಲೆ ಸರ್ವರ್ ಕನ್ನಡ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಡೇಟಾ ಸ್ವಲ್ಪ ಜಾಸ್ತಿ ಖರ್ಚಾಗುತ್ತಿತ್ತು, ಅದನ್ನೂ ಮೊದಲೇ ಹೇಳಿಬಿಡುತ್ತಿದ್ದೆ.

ಹುಡುಗ ಬೆರಳಿಟ್ಟುಕೊಂಡು ಓದಿದ. ಒತ್ತಕ್ಷರ ಬಂದಾಗ ನಿಂತು, ಎರಡು ಸಲ ಓದಿ, ಮುಂದಕ್ಕೆ ಹೋದ. ಅಂಗಡಿಯಲ್ಲಿ ಬೇರೆ ಗಿರಾಕಿಗಳು ಕಾಯುತ್ತಿದ್ದರು. ಕಾಯಲಿ ಅಂತ ಬಿಟ್ಟೆ. ಮರುದಿನ ಅವನ ಜೊತೆಯವರು ಆರು ಜನ ಬಂದರು.

ಎಲ್ಲ ತಾಣದಲ್ಲೂ ಇದು ನಡೆಯುತ್ತಿರಲಿಲ್ಲ. ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಯುನಿಕೋಡ್ ಅಕ್ಷರ ಸಂಕೇತ ಬಳಸದೆ ತಮ್ಮದೇ ಫಾಂಟ್ ಇಟ್ಟುಕೊಂಡಿದ್ದ ತಾಣಗಳು ಏನು ಮಾಡಿದರೂ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗೇ ಬರುತ್ತಿದ್ದವು. ಅದಕ್ಕೆ ನನ್ನ ಹತ್ತಿರ ಮದ್ದಿರಲಿಲ್ಲ.

ಮದುವೆ ಸಿಡಿಗಳನ್ನು 3ಜಿಪಿ ಅನ್ನುವ ಸಣ್ಣ ಫೋನ್ ವಿಡಿಯೋ ಮಾಡಿ ಮೆಮೊರಿ ಕಾರ್ಡಿಗೆ ಹಾಕಿಕೊಡುವ ಕೆಲಸವೂ ಇತ್ತು. ಮೂರು ಗಂಟೆಯ ಮದುವೆ 200 ಎಂಬಿ ಒಳಗೆ ಕೂರುತ್ತಿತ್ತು. ಆದರೆ ಅದರ ಎಎಂಆರ್ ಆಡಿಯೋ ಫೋನ್ ಮಾತಿಗೆ ಅಂತ ಮಾಡಿದ್ದು. ನಾಗಸ್ವರ ಹರಿದ ಪೀಪಿಯಾಗುತ್ತಿತ್ತು. ಸಂಗೀತಕ್ಕೂ ಒಗ್ಗುವ ಎಎಸಿ ಆಡಿಯೋ ಓಡುವ ಸೆಟ್ ಅಂತ ಗೊತ್ತಾದರೆ ಕೇಳದೆಯೇ ಅದನ್ನು ಹಾಕುತ್ತಿದ್ದೆ. ಫೈಲ್ ದೊಡ್ಡದಾದರೂ ಚಿಂತೆಯಿಲ್ಲ, ತಾಳಿ ಕಟ್ಟುವ ಹೊತ್ತಿನ ವಾದ್ಯ ಕೆಡಬಾರದು.

2011ರಲ್ಲಿ ನಮ್ಮ ಏರಿಯಾದಲ್ಲೂ 3ಜಿ ಜೋರಾಯಿತು, ಆಂಡ್ರಾಯ್ಡ್ ಬಂತು. ಅಷ್ಟು ದುಬಾರಿ ಫೋನಿನಲ್ಲೂ ಕನ್ನಡದ ಜಾಗದಲ್ಲಿ ಅವೇ ಡಬ್ಬಿಗಳು. ಮತ್ತೆ ಒಪೆರಾ ಮಿನಿ, ಮತ್ತೆ ಅದೇ ಯೆಸ್. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ತನ್ನೊಳಗೇ ತಂದಿತು. ಆ ಥರದ ಮೊದಲ ಫೋನ್ ತಂದಿದ್ದು ಹೂವಿನ ಅಂಗಡಿಯ ಅಮ್ಮ. "ಕನ್ನಡ ಹಾಕ್ಕೊಡಪ್ಪ" ಅಂತ ಕೌಂಟರ್ ಮೇಲೆ ಇಟ್ಟರು. ಅಭ್ಯಾಸಬಲದಿಂದ ಒಂದು ಪುಟ ತೆರೆದೆ. ಅಕ್ಷರ ಆಗಲೇ ಅಲ್ಲಿದ್ದವು, ಕೊಂಬು, ದೀರ್ಘ, ಒತ್ತು ಎಲ್ಲ ಸರಿಯಾಗಿ. "ಹಾಕಿದೆಯಮ್ಮ" ಅಂತ ಫೋನ್ ವಾಪಸ್ ಕೊಟ್ಟೆ. ಎಷ್ಟು ಅಂತ ಕೇಳಿದರು. ಏನೂ ಬೇಡ ಅಂದೆ.